ಬಜಾರಿಲ್ಲದ ಹಂಪಿ ಬಜಾರು

ಹೊಸಪೇಟೆಯ ಸಮೀಪದ ಹಂಪಿಯಲ್ಲಿ ವಿರೂಪಾಕ್ಷ ಗುಡಿಯ ಪೂರ್ವ ಗೋಪುರದಿಂದ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಚಾಚಿದ ನೇರ ಬೀದಿಯೇ ಹಂಪಿ ಬಜಾರು. ತೇರು ಸಾಗುವ ಬೀದಿಯಾದ್ದರಿಂದ ಇದು ಬಲು ಅಗಲ. ಇಕ್ಕೆಲದಲ್ಲೂ ಕಲ್ಲುಕಂಬಗಳ ಸಾಲುಮಂಟಪಗಳು. ಕೆಲವಕ್ಕೆ ಎರಡು ಅಂತಸ್ತು.

1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಯಾತ್ರಿಕರು ತಂಗುವ ಇಲ್ಲಿನ ಚೆಲುವಾದ ಮನೆಗಳನ್ನು ಬಣ್ಣಿಸಿದ್ದಾನೆ. 1565ರಲ್ಲಿ ರಾಜಧಾನಿ ಹಾಳಾಯಿತು. ಮುಂದೊಂದು ಕಾಲಕ್ಕೆ ಈ ಮಂಟಪಗಳಲ್ಲೇ ಅಂಗಡಿ, ಹೋಟೆಲು, ಸಂಸಾರಗಳು ನೆಲೆಗೊಂಡವು. ಸ್ಮಾರಕ ರಕ್ಷಣೆಗೆಂದು 2011ರ ಜುಲೈನಲ್ಲಿ ಅವನ್ನು ತೆರವುಗೊಳಿಸಲಾಯಿತು.

ಕಂಬಗಳ ನಡುವೆ ಗೋಡೆ ಎಬ್ಬಿಸಿದ್ದು ತಪ್ಪೇ ಇರಬಹುದು. ಆದರೆ ಈ ಬೀದಿ ಹುಟ್ಟಿದ್ದೇ ಜನರಿಗಾಗಿ. ಕಲ್ಲು ಉಳಿಯಿತು, ಹೆಸರೂ ಉಳಿಯಿತು. ಬಜಾರು ಮಾತ್ರ ಎದ್ದುಹೋಯಿತು. ಚೈತ್ರದ ತೇರಿನ ದಿನ ಜನ ನೆರೆದಾಗಷ್ಟೇ ಬೀದಿಗೆ ತನ್ನ ಹಳೆಯ ಕಳೆ ಮರಳುತ್ತದೆ.