ಲುಝೇರೊ

ಬ್ರೆಜಿಲಿನ ಅಮೆಜಾನ್ ನದಿಯಲ್ಲಿ ಸಂಚರಿಸಿದ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ವೈದ್ಯಕೀಯ ಮಿಷನ್ ದೋಣಿ. ಅಮೆರಿಕದ ಎಂಜಿನಿಯರ್ ಲಿಯೋ ಹಾಲಿವೆಲ್ ಮತ್ತು ಅವರ ಪತ್ನಿ, ದಾದಿ ಜೆಸ್ಸಿ 1931ರಲ್ಲಿ ಬೆಲೆಂ ನಗರದಿಂದ ಇದರ ಸಂಚಾರ ಆರಂಭಿಸಿದರು. ಅವರು ಬ್ರೆಜಿಲಿಗೆ ಬಂದದ್ದು 1921ರಲ್ಲಿ.

ಬೆಲೆಂ ಮತ್ತು ಮನೌಸ್ ನಡುವಣ ದಡದುದ್ದಕ್ಕೂ ಪ್ರವಾಹಕ್ಕೆ ಅಂಜಿ ಮರದ ಕಂಬಗಳ ಮೇಲೆ ಕಟ್ಟಿಕೊಂಡ ಮನೆಗಳು. ರಸ್ತೆಯಿಲ್ಲ, ವೈದ್ಯರಂತೂ ದೂರದ ಮಾತು. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ದಡದಲ್ಲಿ ಬಿಳಿಬಟ್ಟೆ ಕಟ್ಟುತ್ತಿದ್ದರು. ಅದನ್ನು ಕಂಡು ದೋಣಿ ನಿಲ್ಲುತ್ತಿತ್ತು. ಮಲೇರಿಯಾಕ್ಕೆ ಕ್ವಿನೈನ್, ಕೊಕ್ಕೆಹುಳುವಿಗೆ ಔಷಧ, ಹುಣ್ಣುಗಳಿಗೆ ಪಟ್ಟಿ ಇವು ನಿತ್ಯದ ಕೆಲಸ. ಬೈಬಲ್ ಬೋಧನೆಯೂ ಜೊತೆಗೇ ಸಾಗಿತು. ಮತಪ್ರಚಾರವೇ ಮೂಲ ಉದ್ದೇಶವಾಗಿತ್ತೆಂಬುದನ್ನು ಮರೆಮಾಚಬೇಕಿಲ್ಲ. ಆದರೆ ಆ ದಡಗಳ ಬಹುತೇಕ ಜನರಿಗೆ ಆಗ ಬೇರೆ ಚಿಕಿತ್ಸೆಯೇ ಇರಲಿಲ್ಲವೆಂಬುದೂ ಅಷ್ಟೇ ನಿಜ.

ಹಾಲಿವೆಲ್ ದಂಪತಿ 1950ರ ದಶಕದವರೆಗೂ ಈ ಪ್ರದೇಶದಲ್ಲಿ ದುಡಿದರು. ಬ್ರೆಜಿಲ್ ಸರ್ಕಾರ ಅವರನ್ನು ಗೌರವಿಸಿತು. ಲಿಯೋ 1967ರಲ್ಲಿ ತೀರಿಕೊಂಡರು. ಲುಝೇರೊ ಹೆಸರಿನ ಹಲವು ದೋಣಿಗಳು ಮುಂದೆಯೂ ನೀರಿಗಿಳಿದವು. ಇಪ್ಪತ್ತೊಂದನೆಯ ಶತಮಾನದಲ್ಲೂ ಈ ಸೇವೆ ಮುಂದುವರಿದಿದೆ.