ಅಥಣಿಯ ಬಾರು, ಕೊಲ್ಹಾಪುರದ ಹೆಸರು

ಪುಣೆಯಿಂದ ಸೊಲ್ಲಾಪುರದತ್ತ ಹೊರಟ ರೈಲು ಭೀಮಾ ನದಿಯ ದಂಡೆಯ ದೌಂಡ ಜಂಕ್ಷನ್ನಿನಲ್ಲಿ ನಿಲ್ಲುತ್ತದೆ. ಮನಮಾಡ ಮತ್ತು ಬಾರಾಮತಿಯ ಕಡೆಗೆ ಹಳಿಗಳು ಕವಲೊಡೆಯುವುದು ಇಲ್ಲಿಯೇ. ಪಶ್ಚಿಮ ಮಹಾರಾಷ್ಟ್ರದ ಬೇರೆ ಊರುಗಳಂತೆ ದೌಂಡದ ಪೇಟೆಯಲ್ಲೂ ಕೊಲ್ಹಾಪುರಿ ಮೆಟ್ಟಿದ ಕಾಲುಗಳಿಗೆ ಬರವಿಲ್ಲ. ಆದರೆ ದೌಂಡದಲ್ಲಿ ಚಪ್ಪಲಿ ಹೊಲಿಯುವವನು ಅದೇ ತೊಗಲು, ಅದೇ ಹೊಲಿಗೆ ಬಳಸಿ ಒಂದು ಜೋಡು ಮಾಡಿದರೂ ಕಾನೂನಿನ ಪ್ರಕಾರ ಅದನ್ನು ‘ಕೊಲ್ಹಾಪುರಿ’ ಎಂದು ಮಾರುವಂತಿಲ್ಲ. ಗಡಿಯ ಈಚೆಗಿನ ಅಥಣಿಯಲ್ಲಿ ಕನ್ನಡ ಮಾತಾಡುವ ಕುಶಲಕರ್ಮಿ ಹೆಸರು ನೋಂದಾಯಿಸಿಕೊಂಡು ಮಾರಬಹುದು.

2019ರಲ್ಲಿ ಸುದ್ದಿಯಾದ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಎಂಟು ಜಿಲ್ಲೆಗಳಿಗೆ ಸೇರಿದ್ದು. ಮಹಾರಾಷ್ಟ್ರದಲ್ಲಿ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ಕರ್ನಾಟಕದಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಪುಣೆ ಜಿಲ್ಲೆ ಈ ಪಟ್ಟಿಯಲ್ಲಿಲ್ಲ. ದೌಂಡವನ್ನು ದಾಟಿದ ಭೀಮೆ ಮುಂದೆ ಸೊಲ್ಲಾಪುರ, ವಿಜಯಪುರ ಜಿಲ್ಲೆಗಳಿಗೆ ಹರಿದುಹೋಗುತ್ತಾಳೆ. ಅಲ್ಲಿ ತಲುಪಿದ ಮೇಲೆ ಹೆಸರಿನ ಹಕ್ಕು ಶುರುವಾಗುತ್ತದೆ.

ಹೆಸರಿನ ಮಾತಿಗೆ ಮೊದಲು ವಸ್ತುವನ್ನೇ ಸ್ವಲ್ಪ ನೋಡಬೇಕು. ಹಳೆಯ ಕ್ರಮದ ಕೊಲ್ಹಾಪುರಿಯಲ್ಲಿ ಮೊಳೆ ಇಲ್ಲ, ಬಕಲ್ ಇಲ್ಲ. ತೊಗಲನ್ನು ತೊಗಲಿನ ಎಳೆಯಿಂದಲೇ ಹೊಲಿಯುತ್ತಾರೆ. ಅಟ್ಟೆಗೆ ಎಮ್ಮೆಯ ದಪ್ಪ ತೊಗಲು, ಮೇಲಿನ ಹೆಣಿಗೆಗೆ ಆಡಿನ ತೆಳು ತೊಗಲು. ಅಟ್ಟೆಯ ಎರಡು ಪದರಗಳ ನಡುವೆ ಒಂದು ತುಂಡನ್ನು ಇಟ್ಟು, ಅದರ ತುದಿಗಳನ್ನು ಎರಡೂ ಬದಿಗೆ ಹೊರಚಾಚಿ ಬಿಡುತ್ತಾರೆ. ಇವೇ ಚಪ್ಪಲಿಯ ಕಿವಿಗಳು. ಮರಾಠಿಯಲ್ಲೂ ಇವಕ್ಕೆ ‘ಕಾನ್’ ಎಂದೇ ಹೆಸರು. ಪದರಗಳನ್ನು ಸುತ್ತಲೂ ಹೊಲಿದ ಮೇಲೆ ಕಿವಿ ಒಳಗೇ ಬಿಗಿಯಾಗಿ ಕೂರುತ್ತದೆ. ಪಾದದ ಮೇಲೆ ಹಾಯುವ ಪಟ್ಟಿಯನ್ನು ಆ ಕಿವಿಗಳಿಗೆ ಹೊಲಿದು, ಹೆಬ್ಬೆರಳು ತೂರುವ ಉಂಗುಷ್ಟವನ್ನು ಅಟ್ಟೆಯ ಸೀಳಿನಲ್ಲಿ ಇಳಿಸಿದರೆ ಕಟ್ಟೋಣ ಮುಗಿಯಿತು.

ಇದರ ಬಿಗುವು ಅರ್ಥವಾಗಲು ಬೇರೊಂದು ಬಾರನ್ನು ಪಕ್ಕದಲ್ಲಿಟ್ಟು ನೋಡಬಹುದು. ಸ್ಕಾಟ್ಲೆಂಡಿನ ಗಂಡಸರು ಉಡುವ ಕಿಲ್ಟ್ ಎಂಬ ನೆರಿಗೆಯ ಉಡುಪಿಗೆ ಜೇಬಿಲ್ಲ. ಅದಕ್ಕೆಂದು ಹೊಟ್ಟೆಯ ಮುಂದೆ ಸ್ಪೋರನ್ ಎಂಬ ಚೀಲವನ್ನು ನೇತುಹಾಕಿಕೊಳ್ಳುತ್ತಾರೆ. ಸಾಮಾನ್ಯವಾಗಿ ಅದರ ಬಾರು ಮುಂದೆ ಸರಪಳಿ, ಬೆನ್ನ ಹಿಂದೆ ತೊಗಲು. ತೊಗಲಿನಲ್ಲಿ ಸಾಲು ತೂತು, ಒಂದು ಬಕಲ್. ಮೈ ತೂಗಿದಂತೆ ಒಂದು ತೂತು ಹಿಂದೆ, ಒಂದು ಮುಂದೆ. ಅಂದರೆ ಅಳತೆಯನ್ನು ಸರಿಪಡಿಸುವ ಕೆಲಸವನ್ನು ಬಾರು ಮಾಡಿದವನು ಉಟ್ಟವನಿಗೆ ಬಿಟ್ಟುಕೊಟ್ಟಿರುತ್ತಾನೆ. ಕೊಲ್ಹಾಪುರಿ ಮಾಡುವವರಿಗೆ ಆ ಅನುಕೂಲವಿಲ್ಲ. ಕಿವಿ ಕೂರಿಸುವ ಹೊತ್ತಿಗೇ ಅಳತೆ ತೀರ್ಮಾನವಾಗಬೇಕು. ಸ್ವಲ್ಪ ಮುಂದೆ ಸರಿದರೆ ಹಿಮ್ಮಡ ಅಟ್ಟೆಯಿಂದಾಚೆ ಇಳಿಯುತ್ತದೆ, ಹಿಂದೆ ಸರಿದರೆ ಉಂಗುಷ್ಟ ಬೆರಳನ್ನು ಕೊರೆಯುತ್ತದೆ. ಉಳಿದ ಒಂದಿಷ್ಟು ಹೊಂದಾಣಿಕೆ ತೊಗಲಿನದು. ಹೊಸದರಲ್ಲಿ ಕಚ್ಚುವ ಚಪ್ಪಲಿ ಎಣ್ಣೆ ಕುಡಿದು, ಬೆವರು ಕುಡಿದು, ಮೆಟ್ಟಿದವನ ಪಾದದ ಅಚ್ಚನ್ನೇ ತಾಳುತ್ತದೆ. ಬೇರೊಬ್ಬರ ಹಳೆಯ ಕೊಲ್ಹಾಪುರಿ ಯಾರಿಗೂ ಸರಿಹೊಂದದಿರುವುದು ಇದಕ್ಕೇ.

ತೊಗಲು ಹಾಗೆ ಬಾಗಬೇಕಾದರೆ ಅದನ್ನು ಹದ ಮಾಡುವುದೂ ಹಾಗೆಯೇ ಇರಬೇಕು. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ವಾರಗಟ್ಟಲೆ ಇಡುವ ಪದ್ಧತಿ ಅದು. ಇಡೀ ತೊಗಲನ್ನು ಚೀಲದಂತೆ ಹೊಲಿದು, ರಸ ತುಂಬಿ, ಮರಕ್ಕೆ ತೂಗುಹಾಕುವುದೂ ಇತ್ತು. ಹದ ಮಾಡುವವರು ಡೋಹರರು, ಹೊಲಿಯುವವರು ಸಮಗಾರರು. ಸಮಗಾರರ ಮನೆಗಳಲ್ಲಿ ಅಟ್ಟೆ ಕತ್ತರಿಸುವ ರಂಪಿಗೆ ಗಂಡಸರ ಕೈಯಲ್ಲಿ, ಹೆಣಿಗೆ ಮತ್ತು ಅಲಂಕಾರ ಹೆಂಗಸರ ಕೈಯಲ್ಲಿ. ಅಂಗಡಿಯಲ್ಲಿ ಗಿರಾಕಿಯ ಕಣ್ಣು ಮೊದಲು ಬೀಳುವುದು ಆ ಹೆಣಿಗೆಯ ಮೇಲೆ.

ಕನ್ನಡದ ನೆನಪಿನಲ್ಲಿ ಈ ಎರಡೂ ಕಸುಬುಗಳು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಸೇರಿದವು. ಡೋಹರ ಕಕ್ಕಯ್ಯ ಶರಣ, ಸಮಗಾರ ಹರಳಯ್ಯ ಶರಣ. ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದ ಕಥೆ ಗೊತ್ತಿಲ್ಲದ ಮನೆ ಉತ್ತರ ಕರ್ನಾಟಕದಲ್ಲಿ ಅಪರೂಪ. ಕೊಲ್ಹಾಪುರಿಯ ಹುಟ್ಟನ್ನೂ ಅದೇ ಕಾಲಕ್ಕೆ, ಬಿಜ್ಜಳನ ಆಳ್ವಿಕೆಗೆ ಒಯ್ಯುವ ಮಾತು ವ್ಯಾಪಾರದ ಕರಪತ್ರಗಳಲ್ಲಿ ಓಡಾಡುತ್ತದೆ. ಅದನ್ನು ಪ್ರತೀತಿ ಎಂದಷ್ಟೇ ತೆಗೆದುಕೊಳ್ಳುವುದು ಒಳ್ಳೆಯದು. ಕಥೆಯ ಇನ್ನರ್ಧವನ್ನು ಆ ಕರಪತ್ರಗಳು ಹೇಳುವುದಿಲ್ಲ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆಯಾದದ್ದಕ್ಕೆ ಇಬ್ಬರು ತಂದೆಯರೂ ಜೀವ ತೆತ್ತರು. ಅದಾದ ಎಷ್ಟೋ ಶತಮಾನಗಳವರೆಗೂ ಊರಿಗೆಲ್ಲ ಮೆಟ್ಟು ಹೊಲಿದುಕೊಟ್ಟವರು ಮೇಲ್ಜಾತಿಯ ಓಣಿಯಲ್ಲಿ ತಮ್ಮ ಮೆಟ್ಟನ್ನು ಕೈಯಲ್ಲಿ ಹಿಡಿದು ನಡೆಯಬೇಕಿತ್ತು.

ಕನ್ನಡದಲ್ಲಿ ಈ ವಸ್ತುವಿಗೆ ಕೆರ, ಮೆಟ್ಟು, ಎಕ್ಕಡ, ಜೋಡು ಎಂದು ಹೆಸರುಗಳು ಬೇಕಾದಷ್ಟಿದ್ದವು. ಪೇಟೆಯ ಹೆಸರು ಮಾತ್ರ ಪೇಟೆ ಇದ್ದ ಊರಿನದಾಯಿತು. ಕೊಲ್ಹಾಪುರ ಸಂಸ್ಥಾನದ ರಾಜಧಾನಿ. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಚರ್ಮದ ಕಸುಬಿಗೆ ಪ್ರೋತ್ಸಾಹ ಕೊಟ್ಟರು. ಹಳ್ಳಿಗಳು ಮಾಡಿದವು, ನಗರ ಮಾರಿತು. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ 40 ಕಿಲೋಮೀಟರ್ ಆಸುಪಾಸು. ಅಥಣಿ, ಮದಭಾವಿ, ಚಿಕ್ಕೋಡಿ ಕಡೆಯ ಮಾಲಿಗೂ ಅದು ಸಹಜವಾದ ಸಂತೆ. ಮಾದರಿಗಳಿಗೆ ಮಾತ್ರ ಹಳ್ಳಿಯ ಹೆಸರು ಅಲ್ಲಲ್ಲಿ ಅಂಟಿಕೊಂಡು ಉಳಿಯಿತು. ‘ಕಾಪಶಿ’ ಎಂಬ ಮಾದರಿ ಕಾಗಲ್ ತಾಲ್ಲೂಕಿನ ಕಾಪಶಿಯದು. ಅಥಣಿಗೆ ಆ ಭಾಗ್ಯ ಬರಲಿಲ್ಲ.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಗೆರೆ ಬಿದ್ದದ್ದು ನಕ್ಷೆಯ ಮೇಲೆ. ಚಪ್ಪಲಿಯ ಗಂಟು ಮೊದಲಿನಂತೆಯೇ ಗಡಿ ದಾಟುತ್ತಿತ್ತು. ತೊಡಕು ಎದ್ದದ್ದು ಹೆಸರಿಗೇ ಕಾನೂನಿನ ಬೆಲೆ ಬಂದಾಗ. ಭೌಗೋಳಿಕ ಸೂಚ್ಯಂಕ ಮಹಾರಾಷ್ಟ್ರಕ್ಕೆ ಮಾತ್ರ ಸಲ್ಲಬಾರದು ಎಂದು ಕರ್ನಾಟಕದ ಚರ್ಮೋದ್ಯಮ ನಿಗಮ ಲಿಡ್ಕರ್ ಹಿಡಿದ ಹಟದಿಂದ ಎರಡೂ ಕಡೆಗೆ ನಾಲ್ಕು ನಾಲ್ಕು ಜಿಲ್ಲೆ ಬಂದವು. ಈ ಹಂಚಿಕೆಯಲ್ಲಿ ನ್ಯಾಯವಿದೆ. ಆದರೆ ಹೆಸರು ಸಿಕ್ಕಮಾತ್ರಕ್ಕೆ ಕೂಲಿ ಏರುವುದಿಲ್ಲ. ಊರ ಮಗ್ಗುಲಲ್ಲೇ ಹದ ಮಾಡುವ ಕೆಲಸ ಕುಂದಿ, ತೊಗಲನ್ನು ಚೆನ್ನೈ ಕಡೆಯಿಂದ ತರಿಸಿಕೊಳ್ಳುವ ಪರಿಸ್ಥಿತಿ ಇದೆ. ಮಹಾರಾಷ್ಟ್ರದ 2015ರ ಮತ್ತು ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾನೂನುಗಳ ಬಿಸಿ ಕಚ್ಚಾಮಾಲಿಗೂ ತಟ್ಟಿದೆ. ಅದಕ್ಕಿಂತ ಅಗ್ಗದ್ದು ರೆಗ್ಜಿನ್. ಮೊಳೆ ಹೊಡೆದು, ಅಂಟು ಹಚ್ಚಿ ಮಾಡಿದ ನಕಲಿಗೆ ಕೊಲ್ಹಾಪುರಿಯದೇ ರೂಪವಿದ್ದರೂ ಕಿವಿಯ ಬುಡ ಮೊದಲ ಮಳೆಗೇ ಬಿಟ್ಟುಕೊಳ್ಳುತ್ತದೆ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಗಂಡಸರ ಫ್ಯಾಷನ್ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿಗಳನ್ನು ತೋರಿಸಿತು. ಜೊತೆಗಿದ್ದ ವಿವರದಲ್ಲಿ ‘ಚರ್ಮದ ಚಪ್ಪಲಿ’ ಎಂದಿತ್ತೇ ಹೊರತು ಊರಿನ ಹೆಸರಿರಲಿಲ್ಲ. ಗಲಾಟೆಯಾದ ಮೇಲೆ ಕಂಪನಿ ಪ್ರೇರಣೆಯನ್ನು ಒಪ್ಪಿಕೊಂಡಿತು, ಜುಲೈನಲ್ಲಿ ತನ್ನವರನ್ನು ಕೊಲ್ಹಾಪುರಕ್ಕೆ ಕಳಿಸಿತು. ಬಾಂಬೆ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅದೇ ತಿಂಗಳು ವಜಾ ಆಯಿತು. ಅಥಣಿ, ನಿಪ್ಪಾಣಿ, ಚಿಕ್ಕೋಡಿಯ ಕುಶಲಕರ್ಮಿಗಳೂ ಇದರ ವಾರಸುದಾರರು ಎಂದು ಕರ್ನಾಟಕದ ಸಚಿವ ಪ್ರಿಯಾಂಕ್ ಖರ್ಗೆ ಆಗ ನೆನಪಿಸಬೇಕಾಯಿತು.

ಡಿಸೆಂಬರ್‌ನಲ್ಲಿ ಪ್ರಾಡಾ ಎರಡೂ ರಾಜ್ಯಗಳ ನಿಗಮಗಳಾದ ಲಿಡ್ಕಾಮ್ ಮತ್ತು ಲಿಡ್ಕರ್ ಜೊತೆ ಒಪ್ಪಂದ ಮಾಡಿಕೊಂಡಿತು. ಎರಡೂ ರಾಜ್ಯಗಳಲ್ಲಿ 2,000 ಜೋಡು ತಯಾರಿಸುವುದು, ಜೋಡಿಗೆ ಸುಮಾರು 800 ಯೂರೋ ಬೆಲೆ ಎಂದು ಆಗ ಹೇಳಲಾಯಿತು. ಒಪ್ಪಂದಕ್ಕೆ ಕರ್ನಾಟಕದ ಸಹಿಯೂ ಬಿದ್ದಿದೆ. ಆ ಚಪ್ಪಲಿಗಳಿಗೆ ಇಟ್ಟ ಹೆಸರು ‘ಕೊಲ್ಹಾಪುರಿ ಚಪ್ಪಲಿಗಳಿಂದ ಪ್ರೇರಿತ’.