ಇಂಗಾಲ ಕಡಿತದಿಂದ ಬಿಸಿಲು ತಾಳುವ ತೊಗರಿವರೆಗೆ: ಪಟಾನ್‌ಚೆರು ಇಕ್ರಿಸ್ಯಾಟ್‌ನಲ್ಲಿ ನಡೆಯುತ್ತಿರುವುದೇನು?

ಹೈದರಾಬಾದ್: ಇಂಗಾಲ ಹೊರಸೂಸುವಿಕೆ ತಗ್ಗಿಸುವುದು, ಹವಾಮಾನ ವೈಪರೀತ್ಯ ತಾಳಿಕೊಳ್ಳುವುದು, ಶುದ್ಧ ಇಂಧನ ಬಳಸುವುದು. ಹವಾಮಾನ ಸಮ್ಮೇಳನಗಳಲ್ಲಿ ಚರ್ಚೆಯಾಗುವ ಈ ಮೂರು ವಿಷಯಗಳು ಮಳೆಯನ್ನೇ ನಂಬಿದ ರೈತರಿಗೆ ಬದುಕಿನ ಪ್ರಶ್ನೆ. ಹೈದರಾಬಾದ್ ಸಮೀಪದ ಪಟಾನ್‌ಚೆರುವಿನಲ್ಲಿರುವ ಅಂತಾರಾಷ್ಟ್ರೀಯ ಅರೆಶುಷ್ಕ ಉಷ್ಣವಲಯ ಬೆಳೆಗಳ ಸಂಶೋಧನಾ ಸಂಸ್ಥೆ (ಇಕ್ರಿಸ್ಯಾಟ್) ದಶಕಗಳಿಂದ ಇದೇ ರೈತರ ಬೆಳೆಗಳ ಮೇಲೆ ಕೆಲಸ ಮಾಡುತ್ತಿದೆ.

ಏನಿದು ಇಕ್ರಿಸ್ಯಾಟ್?

1972ರಲ್ಲಿ ಸ್ಥಾಪನೆಯಾದ ಸಂಸ್ಥೆ ಜೋಳ, ಸಜ್ಜೆ, ರಾಗಿ, ಕಡಲೆ, ತೊಗರಿ ಹಾಗೂ ಶೇಂಗಾ ಬೆಳೆಗಳ ಸಂಶೋಧನೆ ನಡೆಸುತ್ತದೆ. ಇಲ್ಲಿನ ಬೀಜ ಸಂಗ್ರಹಾಲಯದಲ್ಲಿ 1.2 ಲಕ್ಷಕ್ಕೂ ಹೆಚ್ಚು ತಳಿ ಮಾದರಿಗಳಿವೆ. 2022ರ ಫೆಬ್ರವರಿ 5ರಂದು ಸಂಸ್ಥೆಯ ಸುವರ್ಣ ಮಹೋತ್ಸವಕ್ಕೆ ಚಾಲನೆ ನೀಡಿದ ಪ್ರಧಾನಿ ನರೇಂದ್ರ ಮೋದಿ, ಹವಾಮಾನ ಬದಲಾವಣೆಯಿಂದ ಬೆಳೆಗಳಿಗೆ ಎದುರಾಗುವ ಕೀಟ, ರೋಗಗಳನ್ನು ಅಧ್ಯಯನ ಮಾಡುವ ಕೇಂದ್ರವನ್ನೂ ಉದ್ಘಾಟಿಸಿದ್ದರು.

ಮಣ್ಣಲ್ಲೇ ಇಂಗಾಲ

ಇಂಗಾಲ ಕಡಿತ ಎಂದರೆ ಮುಖ್ಯವಾಗಿ ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಬಳಕೆ ತಗ್ಗಿಸುವುದು. ಇದರ ಜತೆಗೆ ಗಾಳಿಯಲ್ಲಿರುವ ಇಂಗಾಲವನ್ನು ಮಣ್ಣಿನಲ್ಲಿ ಹಿಡಿದಿಡುವ ದಾರಿಯೂ ಇದೆ. ಪಟಾನ್‌ಚೆರುವಿನ ಕಪ್ಪು ಮಣ್ಣಿನಲ್ಲಿ 1976ರಲ್ಲಿ ಆರಂಭವಾದ ದೀರ್ಘಾವಧಿ ಪ್ರಯೋಗ ಇದನ್ನು ತೋರಿಸಿಕೊಟ್ಟಿದೆ. ಒಂದು ಕಡೆ ಮುಂಗಾರಿನಲ್ಲಿ ಹೊಲ ಬೀಳುಬಿಟ್ಟು ಹಿಂಗಾರಿ ಬೆಳೆ ಮಾತ್ರ ತೆಗೆಯುವ ಹಳೆಯ ಪದ್ಧತಿ. ಇನ್ನೊಂದು ಕಡೆ ಅಗಲ ಏರುಮಡಿ, ಮಳೆನೀರು ಸಂರಕ್ಷಣೆ, ಸಮತೋಲಿತ ಗೊಬ್ಬರ, ತೊಗರಿಯಂತಹ ದ್ವಿದಳ ಬೆಳೆ. ಸುಧಾರಿತ ಪದ್ಧತಿಯಲ್ಲಿ ಹೆಕ್ಟೇರ್‌ಗೆ ವರ್ಷಕ್ಕೆ ಸರಾಸರಿ ಸುಮಾರು 5 ಟನ್ ಧಾನ್ಯ ಸಿಕ್ಕರೆ, ಹಳೆಯ ಪದ್ಧತಿಯಲ್ಲಿ ಸಿಕ್ಕಿದ್ದು ಸುಮಾರು 1 ಟನ್. ಮಣ್ಣಿನಲ್ಲಿ ವರ್ಷಕ್ಕೆ ಸುಮಾರು 0.3 ಟನ್ ಹೆಚ್ಚುವರಿ ಇಂಗಾಲವೂ ಸೇರಿತು.

ಕರ್ನಾಟಕಕ್ಕೆ ಸಿಕ್ಕಿದ್ದೇನು?

ನೆಟೆ ರೋಗ ತಡೆಯುವ 'ಮಾರುತಿ' ತೊಗರಿ ತಳಿಯ ಮೂಲ ಇಕ್ರಿಸ್ಯಾಟ್. 1986ರಲ್ಲಿ ಬಿಡುಗಡೆಯಾದ ಈ ತಳಿ ಕಲಬುರಗಿ ಭಾಗದಲ್ಲಿ ವ್ಯಾಪಕವಾಗಿ ಹರಡಿತು. 2009ರಲ್ಲಿ ರಾಜ್ಯ ಸರ್ಕಾರದ ಜತೆ ಆರಂಭವಾದ 'ಭೂಚೇತನ' ಯೋಜನೆ, ಒಣಭೂಮಿಯ ಮಣ್ಣಿನಲ್ಲಿ ಸತು, ಬೋರಾನ್, ಗಂಧಕದ ಕೊರತೆ ವ್ಯಾಪಕವಾಗಿದೆ ಎಂಬುದನ್ನು ಮಣ್ಣು ಪರೀಕ್ಷೆಯಿಂದ ಗುರುತಿಸಿ, ಅದಕ್ಕೆ ತಕ್ಕ ಪೋಷಕಾಂಶ ಒದಗಿಸಿತು. 2025ರಲ್ಲಿ ಸಂಸ್ಥೆ ಪ್ರಕಟಿಸಿದ ಐಸಿಪಿವಿ 25444 ತೊಗರಿ ತಳಿ 45 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿ ತಾಳಿಕೊಂಡು, 125 ದಿನಗಳಲ್ಲಿ ಕಟಾವಿಗೆ ಬರುತ್ತದೆ. ಇದರ ಪ್ರಾಯೋಗಿಕ ಬೇಸಾಯ ಕರ್ನಾಟಕದಲ್ಲೂ ನಡೆದಿದೆ.

ಶುದ್ಧ ಇಂಧನ, ರೈತರ ಭೂಮಿ

2070ರೊಳಗೆ ನಿವ್ವಳ ಶೂನ್ಯ ಹೊರಸೂಸುವಿಕೆ ಸಾಧಿಸುವುದಾಗಿ ಭಾರತ 2021ರ ಗ್ಲಾಸ್ಗೋ ಸಮ್ಮೇಳನದಲ್ಲಿ ಘೋಷಿಸಿದೆ. ಈ ಗುರಿಗೆ ಬೇಕಾದ ಸೌರ ಫಲಕಗಳಿಗೂ ಜಾಗ ಬೇಕು, ಅದು ಹೆಚ್ಚಾಗಿ ಸಿಗುವುದು ಒಣಭೂಮಿಯಲ್ಲೇ. ತುಮಕೂರು ಜಿಲ್ಲೆಯ ಬರಪೀಡಿತ ಪಾವಗಡ ತಾಲೂಕಿನ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್‌ಗೆ ಸುಮಾರು 13,000 ಎಕರೆ ಭೂಮಿಯನ್ನು ಖರೀದಿಸದೆ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ, ಮಳೆ ಕೈಕೊಟ್ಟ ವರ್ಷವೂ ಜಮೀನು ಮಾಲೀಕರ ಕೈಸೇರುತ್ತದೆ. ಆದರೆ ಸ್ವಂತ ಭೂಮಿ ಇಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಆ ಬಾಡಿಗೆಯಲ್ಲಿ ಪಾಲಿಲ್ಲ.

ಹೀಗಾಗಿ ಒಣಭೂಮಿಯ ಹಳ್ಳಿಗಳಲ್ಲಿ ಹವಾಮಾನ ಯೋಜನೆಗಳ ಯಶಸ್ಸನ್ನು ಮೆಗಾವಾಟ್ ಲೆಕ್ಕದಲ್ಲಷ್ಟೇ ಅಳೆಯಲಾಗದು. ಹೊಲದಲ್ಲಿ ಬೆಳೆ ಉಳಿಯಿತೇ, ಕೂಲಿ ಕಾರ್ಮಿಕರಿಗೆ ಕೆಲಸ ಸಿಕ್ಕಿತೇ ಎಂಬುದೂ ಅಷ್ಟೇ ಮುಖ್ಯ.